ಕಂಕುಳಿನ ಕೊಂಡಿ

ಮಠದಲ್ಲಿ ಆ ದಿನ ಘೋರ ಪ್ರಸಂಗವೊಂದು ನಡೆಯಿತು. ಮರುಳಯ್ಯನೆಂಬ ಶಿಷ್ಯ ಮಾಡಿದ್ದ ಸಾರನ್ನು ಉಂಡು, ಅವನ ಗೆಳೆಯ ಗೂಳಯ್ಯ ಪಂಕ್ತಿಯ ನಡುವೆಯೇ, "ಏನಪ್ಪಾ, ಇವತ್ತು ಉಪ್ಪಿಗೆ ಸ್ವಲ್ಪ ಸಾರು ಬೆರೆಸಿದ್ದೀಯಾ?" ಎಂದ. ಪಂಕ್ತಿಯೆಲ್ಲ ನಕ್ಕಿತು. ಗುರುಗಳೂ ನಕ್ಕರೆಂದು ಕೆಲವರು ಹೇಳುತ್ತಾರೆ, ಅದು ಖಚಿತವಿಲ್ಲ. ಮರುಳಯ್ಯ ಗೂಳಯ್ಯನ ಪಕ್ಕದಲ್ಲಿದ್ದ ತನ್ನ ಚಾಪೆಯನ್ನು ಸುತ್ತಿ ಉಗ್ರಾಣದಲ್ಲಿಟ್ಟ. ಆಮೇಲೆ ಗುರುಗಳ ಬಳಿ ಬಂದು ಕೇಳಿದ:

"ಗುರುಗಳೇ, ಯಾರ ಮಾತೂ ನಾಟದ ಹಾಗೆ ಬದುಕುವುದು ಹೇಗೆ?"

ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಕಡಲಾಚೆಯ ಒಂದು ನಾಡಿನಲ್ಲಿ ವೀರರು ತಲೆಯಿಂದ ಕಾಲಿನವರೆಗೆ ಉಕ್ಕಿನ ಕವಚ ತೊಟ್ಟು, ಕುದುರೆಯ ಮೇಲೆ ಕೂತು ಕಾದಾಡುತ್ತಿದ್ದರು. ಉಕ್ಕಿನ ಒಳಗೆ ಹತ್ತಿ ತುಂಬಿದ ದಪ್ಪ ಅಂಗಿ. ಬೆಳಿಗ್ಗೆ ಒಳಹೊಕ್ಕ ಇರುವೆ ಸಂಜೆಯವರೆಗೂ ಕಚ್ಚುತ್ತಿತ್ತು. ವೀರನು ಸಂಜೆಯವರೆಗೂ ಗಂಭೀರನಾಗಿರುತ್ತಿದ್ದ. ಕವಚವನ್ನು ಬಿಗಿಯುವ ತೊಗಲಿನ ಪಟ್ಟಿಗಳು ಬೆನ್ನಿನ ಮೇಲಿದ್ದವು. ಎಷ್ಟೇ ದೊಡ್ಡ ವೀರನಾದರೂ ತನ್ನ ಕವಚವನ್ನು ತಾನೇ ತೊಡುವ ಹಾಗಿರಲಿಲ್ಲ, ತಾನೇ ಕಳಚುವ ಹಾಗೂ ಇರಲಿಲ್ಲ.

ಅಂಥ ಒಬ್ಬ ವೀರನಿಗೆ ಒಬ್ಬ ತಮ್ಮನಿದ್ದ. ಪಟ್ಟಿ ಬಿಗಿಯುವುದು ತಮ್ಮನ ಕೆಲಸ. ಕೊನೆಯ ಪಟ್ಟಿ ಬಿಗಿದು, ಅಣ್ಣನ ಬೆನ್ನು ತಟ್ಟಿ, "ಆಯ್ತಣ್ಣ, ಹೋಗಿ ಬಾ" ಎನ್ನುತ್ತಿದ್ದ. ಸಂಜೆ ಅಣ್ಣ ಮರಳಿದಾಗ, ಬೆವರಿಗೆ ಉಬ್ಬಿದ ಪಟ್ಟಿ ಬಿಚ್ಚಲು ಬಾರದಿದ್ದರೆ ಸಣ್ಣ ಚೂರಿಯಿಂದ ಕೊಯ್ದು ಬಿಡಿಸುತ್ತಿದ್ದ.

ಒಂದು ಕಾಳಗದಲ್ಲಿ ಹೆಗಲ ಪಟ್ಟಿ ಜಾರಿತು. ಆ ಸಂದಿನಲ್ಲಿ ಭರ್ಜಿಯ ಮೊನೆ ತಗುಲಿ ಚರ್ಮ ಗೀರಿತು. ವೀರ ಮನೆಗೆ ಬಂದು ಕೇಳಿದ: "ಪಟ್ಟಿ ಯಾಕೆ ಜಾರಿತು?"

"ಹೆಗಲು ಉಜ್ಜಿ ಹುಣ್ಣಾಗಿದೆ ಅಂತ ನಿನ್ನೆ ನೀನೇ ನರಳಿದೆಯಲ್ಲ ಅಣ್ಣ. ಅದಕ್ಕೆ ಒಂದು ತೂತು ಸಡಿಲ ಬಿಟ್ಟೆ. ತಪ್ಪಾಯ್ತು."

ವೀರನಿಗೆ ಕೇಳಿಸಿದ್ದು 'ಸಡಿಲ ಬಿಟ್ಟೆ' ಎಂಬುದಷ್ಟೇ. ಗೀರು ಬೇಗ ಮಾಯಿತು. ಆ ಮಾತು ಮಾಯಲಿಲ್ಲ.

ಅವನು ಕಮ್ಮಾರನ ಬಳಿಗೆ ಹೋಗಿ, "ಯಾರ ಕೈಯೂ ಬೇಡದ ಕವಚ ಮಾಡಿಕೊಡು" ಎಂದ.

"ಆಗಬಹುದು ಒಡೆಯ. ಪಟ್ಟಿಗಳನ್ನೇ ತೆಗೆದು ಒಂದು ಕೊಂಡಿ ಇಡುತ್ತೇನೆ. ಅದು ಎಡಗಂಕುಳಿನ ಮಡಿಕೆಯೊಳಗಿರುತ್ತದೆ, ನಿಮ್ಮ ಬಲಗೈಗೆ ಮಾತ್ರ ಸಿಗುತ್ತದೆ. ತಿಳಿಯದವನು ದಿನವಿಡೀ ತಡಕಿದರೂ ಕಾಣುವುದಿಲ್ಲ. ಆದರೆ ಮನೆಯವರಲ್ಲಿ ಒಬ್ಬರಿಗಾದರೂ ತೋರಿಸಿಡಿ."

"ಅದಕ್ಕೂ ನಿನಗೂ ಸಂಬಂಧವಿಲ್ಲ."

ಕಮ್ಮಾರ ಹೊಸ ಕವಚ ಮಾಡಿಕೊಟ್ಟ. ಮುಂದಿನ ಕಾಳಗದ ಬೆಳಿಗ್ಗೆ ವೀರ ಬಾಗಿಲು ಮುಚ್ಚಿಕೊಂಡು ಒಬ್ಬನೇ ಅದನ್ನು ತೊಟ್ಟ. ಹೊರಗೆ ಬಂದಾಗ ತಮ್ಮ ಎಂದಿನಂತೆ ಬೆನ್ನು ತಟ್ಟಲು ಬಂದ. ವೀರ ಬೆನ್ನು ಕೊಡಲಿಲ್ಲ. ತಮ್ಮನ ಕಡೆಗೆ ಮುಖ ಮಾಡಿಕೊಂಡೇ ಕುದುರೆ ಹತ್ತಿದ.

ಕವಚ ಕಮ್ಮಾರನ ಮಾತನ್ನು ಉಳಿಸಿತು. ಅದರ ಮೇಲೆ ಬಾಣಗಳು ಬಿದ್ದು ಮುರಿದವು. ಭರ್ಜಿಗಳು ಜಾರಿಹೋದವು. ಮಧ್ಯಾಹ್ನಕ್ಕೆ ಕುದುರೆ ಸತ್ತುಬಿತ್ತು. ವೀರನ ಬಲಗೈ ಅದರ ಅಡಿಗೆ ಸಿಕ್ಕಿಕೊಂಡಿತು. ಕಾಳಗ ಮುಂದೆ ಸರಿದು ಗುಡ್ಡದ ಆಚೆಗೆ ಹೋಯಿತು. ಬಿಸಿಲು ಮಾತ್ರ ಅಲ್ಲೇ ಉಳಿಯಿತು.

ತಮ್ಮ ಬಿದ್ದವರ ನಡುವೆ ಅಣ್ಣನನ್ನು ಹುಡುಕಿಕೊಂಡು ಬಂದ. ಕವಚ ಕಳಚಿದರೆ ಅವನನ್ನು ಎಳೆದು ತೆಗೆಯಬಹುದಿತ್ತು. ಕವಚದ ಸಮೇತ ಎಳೆಯುವುದು ಒಬ್ಬನಿಂದ ಆಗುವ ಕೆಲಸವಲ್ಲ. ಕೂಗಿದರೆ ಓಗೊಡುವವರು ಯಾರೂ ಹತ್ತಿರ ಇರಲಿಲ್ಲ. ತಮ್ಮ ಚೂರಿ ಹಿರಿದು, ಬೆನ್ನಿನ ಕಡೆ ಪಟ್ಟಿಗಳಿಗಾಗಿ ತಡಕಿದ. ಪಟ್ಟಿಗಳಿರಲಿಲ್ಲ. ಕಾದ ಉಕ್ಕು ಬೆರಳು ಸುಟ್ಟಿತು.

"ಅಣ್ಣಾ, ಎಲ್ಲಿ ಬಿಚ್ಚಬೇಕು ಇದನ್ನು? ಬೇಗ ಹೇಳಣ್ಣ!"

ವೀರ ಮುಖಗವಚದ ಸೀಳಿನಿಂದ ನೋಡಿದ. ಆ ಸೀಳಿನಲ್ಲಿ ತಮ್ಮನ ಮುಖ ಕಾಣಲಿಲ್ಲ. ಚೂರಿ ಕಂಡಿತು.

"ನಾನೇ ಬಿಚ್ಚಿಕೊಳ್ಳುತ್ತೇನೆ," ಎಂದ. "ನೀನು ಹೋಗು."

ತಮ್ಮ ಹೋಗಲಿಲ್ಲ. ಸೀಳಿನಿಂದ ನೀರು ಹನಿಸಿದ. ಅದು ಕೆನ್ನೆಯಿಂದ ಇಳಿದು ಅಂಗಿಯ ಹತ್ತಿಗೆ ಹೋಯಿತು, ಬಾಯಿಗೆ ಹೋಗಲಿಲ್ಲ. ಬಿದ್ದಿದ್ದ ಗುರಾಣಿಯೊಂದನ್ನು ಎತ್ತಿ ನೆರಳು ಹಿಡಿದು ಕೂತ. ಆಗಾಗ, "ಹೇಳಣ್ಣ" ಎನ್ನುತ್ತಿದ್ದ. ಮೊದಮೊದಲು ಒಳಗಿನಿಂದ "ಹೋಗು" ಎಂದು ಕೇಳುತ್ತಿತ್ತು. ಸೂರ್ಯ ಇಳಿಯುವ ಹೊತ್ತಿಗೆ ಅದೂ ಕೇಳಲಿಲ್ಲ. ತಮ್ಮ ಗುರಾಣಿಯನ್ನು ಕೆಳಗಿಡಲಿಲ್ಲ.

ಮರುದಿನ ಕಮ್ಮಾರ ಬಂದು ಎಡಗಂಕುಳಿನಲ್ಲಿ ಬೆರಳಿಟ್ಟು ಒತ್ತಿದ. ಕವಚ ತೆರೆದುಕೊಂಡಿತು. ದೇಹದ ಮೇಲೆ ಹೆಗಲಿನ ಹಳೆಯ ಗೀರೊಂದನ್ನು ಬಿಟ್ಟರೆ ಗಾಯವಿರಲಿಲ್ಲ. ಕವಚಕ್ಕೂ ಏನೂ ಆಗಿರಲಿಲ್ಲ. ಅದನ್ನು ತೊಳೆದು, ಅದೇ ಅಳತೆಯ ಇನ್ನೊಬ್ಬ ವೀರನಿಗೆ ಕೊಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ, "ಎಂಥ ಸಾವು! ಆದರೆ ನಾನು ಕೇಳಿದ್ದು ಬೇರೆ, ಗುರುಗಳೇ. ಏನೂ ನಾಟದ ಹಾಗೆ ಬದುಕುವುದು ಹೇಗೆ ಎಂದು ಕೇಳಿದ್ದೆ" ಎಂದ.

"ಅವನಿಗೆ ಏನೂ ನಾಟಲಿಲ್ಲವಲ್ಲ ಮರುಳಯ್ಯ," ಎಂದರು ಗುರುಗಳು.

ಮರುಳಯ್ಯ ಎದ್ದು, ಚಾಪೆ ತರಲು ಉಗ್ರಾಣದ ಕಡೆ ಹೋದ.

ಸಂಜೆ ಅದೇ ಸಾರಿಗೆ ನೀರು ಬೆರೆಸಿ ಬಡಿಸಿದರು. ಉಪ್ಪು ಸರಿಯಾಗಿತ್ತು.