ಹನ್ನೊಂದರ ಗಂಟೆ

ಹೊಳೆಯ ಸೇತುವೆ ಕೆಲಸಕ್ಕೆ ಹೊಸ ಮ್ಯಾನೇಜರಾಗಿ ಬಂದ ದೇಶಮಾನೆ ಸಾಹೇಬರು ಮೊದಲ ದಿನವೇ ಗುಡುಗಿದರು: "ಹನ್ನೊಂದರ ಗಂಟೆ ಹೊಡೆದ ಕೂಡಲೇ ಕೈಯಲ್ಲಿರೋದನ್ನ ಬಿಟ್ಟು ಎಲ್ಲರೂ ಮೀಟಿಂಗಿಗೆ ಬರಬೇಕು. ನೆಪ ಹೇಳಿದವರು ಮನೆಗೆ!"

ಕೆಲಸ ಯಾಕೆ ತಡವೆಂದು ದಿನಾ ಊಟದ ಹೊತ್ತಿನವರೆಗೆ ಭಾಷಣ. ಅಷ್ಟರಲ್ಲಿ ಕಲಸಿಟ್ಟ ಕಾಂಕ್ರೀಟು ಕಲ್ಲಾಗುತ್ತಿತ್ತು. ಮಳೆಗಾಲ ಬೇರೆ ಹತ್ತಿರವಾಗಿತ್ತು. ಹೊಳೆ ತುಂಬಿದರೆ ಕಂಬಗಳು ಅರ್ಧಕ್ಕೇ ನಿಲ್ಲುತ್ತವಲ್ಲ ಎಂದು ಕಂಬದ ಮೇಲಕ್ಕೆ ಕಾಂಕ್ರೀಟು ಏರಿಸುವ ಲಿಫ್ಟನ್ನು ಕೆಳಗಿನಿಂದ ನಡೆಸುವ ಮುದಿಯಪ್ಪನಿಗೆ ಸಂಕಟ.

ಒಂದು ದಿನ ಸಾಹೇಬರು ಕಂಬದ ತುದಿ ನೋಡಲು ಲಿಫ್ಟ್ ಹತ್ತಿದರು. ಅರ್ಧ ದಾರಿಯಲ್ಲಿದ್ದಾಗ ಗಂಟೆ ಹೊಡೆಯಿತು. ಕೆಳಗಿದ್ದ ಮುದಿಯಪ್ಪ ಬ್ರೇಕ್ ಹಾಕಿ, ಟವೆಲ್ ಕೊಡವಿ ಹೊರಟೇಬಿಟ್ಟ.

"ಏಯ್, ಎಲ್ಲಿಗೋ?"

"ಮೀಟಿಂಗಿಗ್ರಿ. ನಿಮ್ಮದ ಅಪ್ಪಣೆ ಐತಲ್ರಿ."

"ಮೊದಲು ನನ್ನ ಇಳಿಸೋ!"

"ನೆಪ ಹೇಳಿದ್ರ ಮನೀಗೆ ಕಳಸ್ತೀರಲ್ರಿ. ಮೀಟಿಂಗ್ ಮುಗಿಸಿ ಬಂದಬಿಡ್ತೀನ್ರಿ."

"ನಾನಿಲ್ಲದೆ ಯಾವ ಮೀಟಿಂಗೋ?"

"ಹಂಗಾದ್ರ ಮುಗಿಯೂದು ಯಾವಾಗ್ರಿ?"

ಗಾಳಿಗೆ ಲಿಫ್ಟ್ ಕಿರುಗುಟ್ಟಿತು. ಸಾಹೇಬರು ಕಂಬಿ ತಬ್ಬಿಕೊಂಡರು. "ಮೀಟಿಂಗ್ ರದ್ದು!"

"ಇವತ್ತಿಗಷ್ಟೇನ್ರಿ?"

"ಯಾವತ್ತಿಗೂ! ಇಳಿಸಪ್ಪಾ!"

ಮುದಿಯಪ್ಪ ಅವರನ್ನು ಮೆತ್ತಗೆ ಇಳಿಸಿದ. ಅದೇ ಲಿಫ್ಟಿನಲ್ಲಿ ಹಸಿ ಕಾಂಕ್ರೀಟು ಮೇಲೇರಿತು. ಮಳೆ ಬೀಳುವ ಮುಂಚೆ ಕಂಬಗಳೆಲ್ಲ ಎದ್ದು ನಿಂತವು.

ಹನ್ನೊಂದರ ಗಂಟೆ ಮಾತ್ರ ನಿಲ್ಲಲಿಲ್ಲ. ಅದೀಗ ಚಹಾದ ಗಂಟೆ. ಅದು ಹೊಡೆಯುವ ಹೊತ್ತಿಗೆ ಸಾಹೇಬರು ತಪ್ಪದೆ ನೆಲದ ಮೇಲಿರುತ್ತಿದ್ದರು.