ಹತ್ತಿ ತುಂಬಿದ ಗ್ಲೌಸು

"ಮೇಡಂ, ಚೆಂಡನ್ನೇ ನೋಡದವನು ತೀರ್ಪು ಕೊಡಬಹುದೇ?" ಎಂದು ತಿಪ್ಪೇಶ ಕೇಳಿದ.

ಅಂಬುಜಾಕ್ಷಿ ಮೇಡಂ ಮೂವತ್ತು ವರ್ಷ ಸಾಫ್ಟ್‌ಬಾಲ್ ಅಂಪೈರಾಗಿದ್ದವರು. ಈಗ ಹೊಸಬರಿಗೆ ಆ ಕೆಲಸ ಕಲಿಸುತ್ತಿದ್ದರು. ತಿಪ್ಪೇಶ ಅವರ ಶಿಷ್ಯರಲ್ಲಿ ಚುರುಕಿನವನು. ಅನುಮಾನಪಡುವುದರಲ್ಲಿಯೂ ಅಷ್ಟೇ ಚುರುಕು.

"ಯಾರಪ್ಪಾ ಅದು, ಚೆಂಡು ನೋಡದವನು?"

"ಈ ಪಂದ್ಯಾವಳಿಯ ಅಂಪೈರ್ ವೀರಭದ್ರಯ್ಯನವರು ಮೇಡಂ. ನಾಲ್ಕು ದಿನದಿಂದ ಅವರ ಮೇಲೇ ಕಣ್ಣಿಟ್ಟಿದೀನಿ. ಚೆಂಡು ಹಾರಿ ಬರುವಾಗ ಅದರ ಕಡೆ ನೋಡೋದೇ ಇಲ್ಲ. ಸುಲಭದ ಔಟಿಗೆ ನೊಣ ಓಡಿಸೋ ಹಾಗೆ ಕೈ ಎತ್ತುತ್ತಾರೆ. ಕೂದಲೆಳೆಯ ಅಂತರ ಇದ್ದಾಗ ಮಾತ್ರ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮೈದಾನ ಅದುರೋ ಹಾಗೆ ಕೂಗಿ ಮುಷ್ಟಿ ಬೀಸುತ್ತಾರೆ. ಆ ಒಂದು ಗಳಿಗೆಯಲ್ಲಿ ಯಾರ ಮುಖ ನೋಡ್ತಾರೋ? ಸರಿಯಾಗಿದ್ದರೆ ಅಷ್ಟು ಕೂಗೋದು ಯಾಕೆ?"

ಅವನ ಅಂಗಿಯ ಜೇಬಿನಲ್ಲಿ ಒಂದು ದೂರಿನ ಕಾಗದವಿತ್ತು. ಸಂಜೆಯೊಳಗೆ ಅದನ್ನು ಸಮಿತಿಗೆ ಕೊಟ್ಟರೆ ನಾಳೆಯ ಫೈನಲ್ಲಿನಿಂದ ವೀರಭದ್ರಯ್ಯ ಹೊರಗೆ. ಅಂಪೈರ್‌ಗಳ ಪಟ್ಟಿಯಲ್ಲಿ ಅವರ ನಂತರದ ಹೆಸರು ತಿಪ್ಪೇಶನದು.

"ನಾಳೆಯ ಪಟ್ಟಿ ನಾನೂ ನೋಡಿದೀನಿ. ಕೂತ್ಕೋ," ಎಂದು ಮೇಡಂ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕೋಚ್ ಇದ್ದ. ಅವನ ಹುಡುಗಿಯರ ತಂಡ ಒಂದು ಪಂದ್ಯವನ್ನು ಫೋರ್ಸ್ ಔಟಿನಲ್ಲಿ ಕಳೆದುಕೊಂಡಿತು. ಹಿಂದಿನಿಂದ ಇನ್ನೊಬ್ಬಳು ಓಡಿ ಬರುವಾಗ ಮುಂದಿನವಳು ತಾನು ನಿಂತ ಬೇಸ್, ಅಂದರೆ ಓಟದ ದಾರಿಯ ಠಾಣೆ, ಬಿಟ್ಟು ಓಡಲೇಬೇಕು. ಅವಳ ಕಾಲು ಮುಂದಿನ ಬೇಸ್ ಮುಟ್ಟುವ ಮೊದಲು, ಅದನ್ನು ತುಳಿದು ನಿಂತವಳ ಗ್ಲೌಸಿಗೆ ಚೆಂಡು ಬಂದರೆ ಔಟ್. ಓಡುವವಳನ್ನು ಮುಟ್ಟಬೇಕಾಗಿಯೂ ಇಲ್ಲ. ಕಾಲು ಮೊದಲೋ, ಚೆಂಡು ಮೊದಲೋ? ಪ್ರಶ್ನೆ ಇಷ್ಟೇ. ಇಷ್ಟಕ್ಕೇ ಊರೂರಲ್ಲಿ ಜಗಳ.

ಕೋಚ್ ಅಂಪೈರನನ್ನು ಅಡ್ಡಗಟ್ಟಿದ. "ನೀವು ಚೆಂಡು ನೋಡಲೇ ಇಲ್ಲವಲ್ಲ ಸ್ವಾಮಿ!"

"ಎಸೆದವಳ ಕೈ ಬಿಡುವವರೆಗೆ ನೋಡ್ತೀನಿ," ಎಂದ ಅಂಪೈರ್. "ಆಮೇಲೆ ಕಣ್ಣು ಬೇಸಿನ ಮೇಲೆ, ಕಿವಿ ಗ್ಲೌಸಿನ ಮೇಲೆ. ಸದ್ದು ಮೊದಲು ಕೇಳಿದರೆ ಔಟ್, ಕಾಲು ಮೊದಲು ಕಂಡರೆ ಸೇಫ್. ಹಿಡಿದ ಚೆಂಡು ಜಾರಿಲ್ಲ ತಾನೇ ಅಂತ ನೋಡ್ಕೊಂಡು ಕೈ ಎತ್ತುತ್ತೀನಿ."

"ಮತ್ತೆ ಆ ಕೂಗಾಟ?"

"ಎಲ್ಲರೂ ಕಂಡದ್ದನ್ನ ಕೂಗಿ ಹೇಳೋದೇನಿದೆ? ಯಾರಿಗೂ ಸರಿಯಾಗಿ ಕಾಣದ್ದನ್ನ ಗೊಣಗಿದರೆ ಆಟ ಮುಂದೆ ಹೋಗಲ್ಲ."

ಕೋಚ್ ತಲೆಯಾಡಿಸಿದ, ನಂಬಲಿಲ್ಲ. ಕಿವಿಯಂತೆ! ಮನೆಯಲ್ಲೇ ತೀರ್ಪು ಬರೆದುಕೊಂಡು ಬಂದು ಕಿವಿಯ ಮೇಲೆ ಹಾಕುತ್ತಾನೆ ಎಂದುಕೊಂಡ. ಮೂರು ವಾರ ಅವನಿಗೆ ಬೇರೆ ಯೋಚನೆ ಬರಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ತನ್ನ ತಂಡದಲ್ಲಿ ಎರಡನೇ ಬೇಸ್ ಕಾಯುವ ಹುಡುಗಿಯ ಗ್ಲೌಸು ತರಿಸಿಕೊಂಡ. ಅದರ ಅಂಗೈ ಜಾಗಕ್ಕೆ ಹಳೆಯ ದಿಂಬಿನ ಹತ್ತಿ ತುಂಬಿ, ಮೇಲೆ ತೆಳು ಚರ್ಮ ಹಾಕಿ ಹೊಲಿದ.

"ಕೈ ನೋಯಬಾರದು ಅಂತ ಕಣಮ್ಮಾ," ಎಂದ.

ಹುಡುಗಿ ಹಾಕಿಕೊಂಡು ನೋಡಿದಳು. "ಸರ್, ಚೆಂಡು ಬಂದದ್ದೇ ಗೊತ್ತಾಗಲ್ಲ."

"ನಿನಗೆ ಗೊತ್ತಾಗದಿದ್ದರೆ ಪರವಾಗಿಲ್ಲ."

ಸದ್ದೇ ಮಾಡದ ಚೆಂಡಿಗೆ ಅಂಪೈರ್ ಔಟ್ ಕೊಟ್ಟರೆ ಅವನ ಕಿವಿಯ ಕತೆ ಸುಳ್ಳು. ಆಮೇಲೆ ಅವನನ್ನು ಮೈದಾನದಿಂದ ಓಡಿಸಬಹುದು. ಕೊಡದೆ ಹೋದರೆ? ಅದು ಕೋಚ್‌ಗೆ ಹೊಳೆಯಲೇ ಇಲ್ಲ.

ಮುಂದಿನ ಪಂದ್ಯ ಗೆದ್ದವರಿಗೆ ರಾಜ್ಯ ಪಂದ್ಯಾವಳಿ. ಅಂಪೈರ್ ಅವನೇ. ಎರಡನೇ ಬೇಸಿನಲ್ಲಿ ಎರಡು ಸಲ ಔಟ್ ಕೊಟ್ಟ. ಕೋಚ್ ಒಳಗೊಳಗೇ ಹಿಗ್ಗಿದ: ಸಿಕ್ಕಿಬಿದ್ದ! ಎರಡು ಸಲವೂ ಓಡುವವಳು ಅರ್ಧ ದಾರಿಯಲ್ಲಿದ್ದಳು, ಹಿಡಿದ ಚೆಂಡು ಎಲ್ಲರ ಕಣ್ಣಿಗೆ ಕಾಣುತ್ತಿತ್ತು ಎಂಬುದು ಅವನ ತಲೆಗೆ ಹೋಗಲಿಲ್ಲ.

ಕೊನೆಯ ಪಾಳಿ. ಸ್ಕೋರು ಸಮ. ಎದುರಾಳಿಗಳು ಬ್ಯಾಟು ಮಾಡುತ್ತಿದ್ದರು, ಇಬ್ಬರು ಔಟಾಗಿದ್ದರು, ಒಬ್ಬಳು ಮೂರನೇ ಬೇಸಿನಲ್ಲಿ, ಒಬ್ಬಳು ಮೊದಲನೆಯದರಲ್ಲಿ. ಹೊಡೆದ ಚೆಂಡು ನೆಲ ಉಜ್ಜುತ್ತಾ ಹೋಯಿತು. ಮೂರನೆಯದರಿಂದ ಹೊರಟವಳು ರನ್ನು ಸಿಗುವ ಕೊನೆಯ ಬೇಸ್ ದಾಟಿದಳು. ಮೊದಲನೆಯದರಿಂದ ಹೊರಟವಳು ಎರಡನೇ ಬೇಸಿನತ್ತ ಓಡುತ್ತಿದ್ದಳು, ಚೆಂಡೂ ಅಲ್ಲಿಗೇ ಹಾರಿತು. ಅಲ್ಲಿ ಔಟಾದರೆ ಅದು ಮೂರನೇ ಔಟ್, ಪಾಳಿ ಮುಗಿದು ಆ ರನ್ನು ಲೆಕ್ಕಕ್ಕಿಲ್ಲ; ಸೇಫಾದರೆ ಎದುರಾಳಿಗಳು ಗೆದ್ದ ಹಾಗೆ.

ಚೆಂಡು ಮೊದಲು ಬಂತು, ಅರ್ಧ ಹೆಜ್ಜೆಯಷ್ಟು ಮೊದಲು. ಹತ್ತಿಯೊಳಗೆ ಕೂತಿತು, ಸದ್ದು ಮಾಡಲಿಲ್ಲ. ಕಾಲು ಬೇಸ್ ಮುಟ್ಟಿತು. ಅಂಪೈರ್ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಎರಡೂ ಕೈ ಅಗಲಿಸಿ, ಮೈದಾನ ಅದುರುವ ಹಾಗೆ ಕೂಗಿದ: "ಸೇಫ್!"

ಕೋಚ್ ಓಡಿ ಬಂದ. "ಕಣ್ಣಿಲ್ಲವೇನ್ರೀ ನಿಮಗೆ? ಚೆಂಡು ಮೊದಲು ಬಂತು!"

"ಬಂದಿದ್ದರೆ ಸದ್ದು ಕೇಳಬೇಕಿತ್ತಲ್ಲ."

ಕೋಚ್ ತಿರುಗಿ ತಾನು ಹೊಲಿದ ಗ್ಲೌಸು ನೋಡಿದ. ಮೂರು ವಾರದಿಂದ ಬೇಕಾಗಿದ್ದ ಸಾಕ್ಷಿ ಕೈಗೆ ಬಂದಿತ್ತು, ಆದರೆ ತಲೆಕೆಳಗಾಗಿ: ಈ ಮನುಷ್ಯ ಕೇಳಿದ್ದನ್ನೇ ಹೇಳುತ್ತಾನೆ.

ಹುಡುಗಿ ಅಳುತ್ತಾ ಬಂದಳು. "ಸರ್, ಈ ಗ್ಲೌಸನ್ನ ಅವರಿಗೆ ತೋರಿಸಲಾ?"

ಕೋಚ್ ಅದನ್ನು ಅವಳ ಕೈಯಿಂದ ಕಿತ್ತು ಕಂಕುಳಲ್ಲಿ ಅವುಚಿಕೊಂಡ.

ಮೇಡಂ ಕತೆ ನಿಲ್ಲಿಸಿದರು. ತಿಪ್ಪೇಶನ ಅನುಮಾನ ಇನ್ನೂ ಇಳಿದಿರಲಿಲ್ಲ.

"ಅಂದರೆ ಅಂಪೈರ್ ಕೊಟ್ಟದ್ದು ತಪ್ಪು ತೀರ್ಪೇ ತಾನೇ ಮೇಡಂ?"

"ತಪ್ಪು ತೀರ್ಪೇ."

"ಹಾಗಾದರೆ ನಾನು ದೂರು ಕೊಡೋದರಲ್ಲಿ ಏನು ತಪ್ಪು?" ಅವನ ಕೈ ಜೇಬನ್ನು ಅವುಚಿಕೊಂಡಿತು.

"ಕೊಡು, ಬೇಡ ಅನ್ನಲ್ಲ. ಕೊಡೋ ಮುಂಚೆ ಅದರಲ್ಲಿ ನೀನು ತುಂಬಿದ ಹತ್ತಿ ಎಷ್ಟಿದೆ ಅಂತ ಒಂದು ಸಲ ಅಮುಕಿ ನೋಡ್ಕೋ."

ತಿಪ್ಪೇಶ ಜೇಬಿನಿಂದ ಕಾಗದ ತೆಗೆದು ಮೊದಲಿನಿಂದ ಓದತೊಡಗಿದ.