ಪ್ರಭಾರ ಸಾಹೇಬರು

ತಾಲ್ಲೂಕು ಕಚೇರಿಯ ಚೌಡಪ್ಪ ಹೆಸರಿಗಷ್ಟೇ ಜವಾನ. ಗುಮಾಸ್ತರು ವರ್ಗವಾಗಿ ಹೋದ ಮೇಲೆ ಅವರ ಕೆಲಸವೆಲ್ಲ ಅವನ ತಲೆ ಮೇಲೇ ಬಿದ್ದಿತ್ತು. ಅದಕ್ಕೆ ತಕ್ಕ ಸಂಬಳ ಕೊಡಿಸಿ ಅಂದರೆ ಸಾಹೇಬರು ಗುಡುಗಿದರು: "ಮಾಡೋ ಕೆಲಸ ಏನಾದ್ರೂ ಇರಲಿ, ನಾವು ನೋಡೋದು ಹುದ್ದೆ ಕಣಯ್ಯಾ. ನೀನು ಜವಾನ!"

"ಆಗಲಿ ಸಾರ್."

ಸಾಹೇಬರೂ ಅಸಲಿಗೆ ಶಿರಸ್ತೇದಾರರೇ. ತಹಶೀಲ್ದಾರರ ಕುರ್ಚಿಯಲ್ಲಿ ಪ್ರಭಾರದ ಮೇಲೆ ಕೂತಿದ್ದರು, ಅಷ್ಟೆ.

ಮರುದಿನ ಜೀಪು ಬಂತು. ಬಾಗಿಲ ತುಂಬ ಜನ. ಚೌಡಪ್ಪ ಗಂಟಲು ಬಿಚ್ಚಿ ಕೂಗಿದ: "ದಾರಿ ಬಿಡ್ರಪ್ಪೋ, ಶಿರಸ್ತೇದಾರ್ ಸಾಹೇಬ್ರು ಬಂದ್ರು!"

"ತಹಶೀಲ್ದಾರ್ ಅನ್ನೋ!" ಸಾಹೇಬರು ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಅದು ಕೆಲಸ ಸಾರ್. ಹುದ್ದೆ ಇದೇ ಅಲ್ವಾ?"

ಸಾಹೇಬರು ತೆಪ್ಪಗೆ ಒಳಗೆ ಕರೆದು, ಅವನ ಸಂಬಳಕ್ಕೆ ಶಿಫಾರಸು ಬರೆದು ಸಹಿ ಹಾಕಿದರು. ಚೌಡಪ್ಪ ಎರಡು ಮೊಹರು ಹಿಡಿದು ನಿಂತಿದ್ದ.

"ಯಾವುದು ಒತ್ತಲಿ ಸಾರ್? ಕೆಲಸದ್ದಾ, ಹುದ್ದೆದಾ?"